ಸೊಟ್ಟಗಾದ ದಂತದ ಹಾಳೆಗಳು ಉಪ್ಪಿನ ಡಬ್ಬಿಯಲ್ಲಿ ನೆಟ್ಟಗಾದವು

ಹೋದ ಚಳಿಗಾಲದಲ್ಲಿ ನನ್ನ ಮೇಜಿಗೆ ದುರಸ್ತಿಗೆ ಒಂದು ದಂತದ ಕಾರ್ನೆ, ಅಂದರೆ ಜೇಬಿನ ಪುಟ್ಟ ಟಿಪ್ಪಣಿ ಪುಸ್ತಕ, ಬಂತು. ನಾನಿರುವ ಫ್ರಾನ್ಸಿನ ರುವಾಂನಿಂದ ಕಡಲತೀರದ ದಿಯೆಪ್ ಊರು ದೂರವಿಲ್ಲ, ಅಲ್ಲಿಯದೇ ಕೆತ್ತನೆ. ಅಂಗೈಗಿಂತ ಚಿಕ್ಕದು. ಮೇಲ್ಹೊದಿಕೆಯಲ್ಲಿ ಗುಲಾಬಿ ಬಳ್ಳಿ, ನಡುವೆ ಹೆಣೆದುಕೊಂಡ ಎರಡು ಅಕ್ಷರ, ಅದರ ಮೇಲೆ ಒಂಬತ್ತು ಮುತ್ತಿನ ಕಿರೀಟ. ಅಂದರೆ ಕೌಂಟ್ ಅನ್ನೋ ಬಿರುದಿನ ಮನೆತನದ್ದು. ಒಳಗೆ ಆರು ತೆಳು ಹಾಳೆ, ಲುಂಡಿಯಿಂದ (ಸೋಮವಾರ) ಸಮ್ದಿವರೆಗೆ (ಶನಿವಾರ) ಫ್ರೆಂಚಿನಲ್ಲಿ ವಾರದ ಹೆಸರು. ಪೆನ್ಸಿಲಿನಲ್ಲಿ ಬರೆಯೋದು, ಬೇಡವಾದಾಗ ಒರೆಸೋದು. ಫ್ರಾನ್ಸಿನ ರಾಜಮನೆತನದ ಬೆರ್ರಿಯ ಡಚೆಸ್ 1824ರಿಂದ ಸಮುದ್ರಸ್ನಾನಕ್ಕೆ ದಿಯೆಪ್‌ಗೆ ಬರತೊಡಗಿದ ಮೇಲೆ ದೊಡ್ಡ ಮನೆಯವರೆಲ್ಲ ಅಲ್ಲಿ ಇಂಥವನ್ನು ಕೊಂಡರು.

ಹಾಳೆಗಳು ಹಪ್ಪಳದ ಹಾಗೆ ಮಡಚಿಕೊಂಡಿದ್ದವು. ಎಷ್ಟೋ ವರ್ಷ ಹೀಟರ್ ಪಕ್ಕದ ಕಪಾಟಿನಲ್ಲಿತ್ತಂತೆ. ಇಬ್ಬರು ಹಿರಿಯ ಕೆಲಸಗಾರರು "ಮುಟ್ಟಬೇಡ, ಒತ್ತಿದರೆ ಸೀಳುತ್ತೆ" ಅಂದರು. ಒಣಗಿದ್ದಾಗ ಒತ್ತಿದರೆ ಸೀಳುತ್ತೆ ನಿಜ, ಆದರೆ ತೇವವನ್ನು ನಿಧಾನವಾಗಿ ಕೊಟ್ಟರೆ ಬಾಗುತ್ತೆ ಅಂತ ನನಗೆ ಗಟ್ಟಿ ನಂಬಿಕೆ ಇತ್ತು.

ಮೊದಲು ಹಳೆ ಪಿಯಾನೋದ ದಂತದ ಕೀಲಿ ಹೊದಿಕೆಗಳ ಮೇಲೆ ಪ್ರಯೋಗ. ಮುರುಕು ಸೆಟ್‌ಗೆ ಸುಮಾರು 40 ಯೂರೋ ಆಯಿತು. ಒದ್ದೆ ಬ್ಲಾಟಿಂಗ್ ಪೇಪರಿನಲ್ಲಿ ಸುತ್ತಿಟ್ಟ ನಾಲ್ಕರಲ್ಲಿ ಮೂರು ಬೆಳಗಾಗುವಷ್ಟರಲ್ಲಿ ಉದ್ದಕ್ಕೆ ಬಿರುಕು ಬಿಟ್ಟವು. ಒಂದು ಬದಿ ಉಬ್ಬಿ ಇನ್ನೊಂದು ಬದಿ ಹಾಗೇ ಇದ್ದರೆ ಇನ್ನೇನಾಗುತ್ತೆ? ಆಮೇಲೆ ಬಿಸಿ ಆವಿ ಕೊಟ್ಟೆ, ಅದು ಇನ್ನೂ ಕೆಟ್ಟದಾಯಿತು. ಎರಡು ತಿಂಗಳು ಹೀಗೇ ಹೋಯಿತು. ಆ ಹೊತ್ತಿಗೆ ಬೇರೆ ಕೆಲಸ ಬಿಟ್ಟು ಕಳೆದುಕೊಂಡದ್ದು 500 ಯೂರೋ ಆದರೂ ಆಗಿರಬೇಕು.

ಕೊನೆಗೆ ಕೆಲಸಕ್ಕೆ ಬಂದದ್ದು ಉಪ್ಪು. ಗಾಳಿಯಾಡದ ಡಬ್ಬಿಯಲ್ಲಿ ನೀರು ಇಂಗಿಸಿಕೊಂಡ ಉಪ್ಪಿನ ಕೆಸರು ಇಟ್ಟರೆ ಒಳಗಿನ ತೇವ ಒಂದೇ ಮಟ್ಟಕ್ಕೆ ನಿಲ್ಲುತ್ತೆ, ಅಲ್ವಾ? ಮೊದಲು ಮೆಗ್ನೀಷಿಯಂ ನೈಟ್ರೇಟ್, 53 ಪರ್ಸೆಂಟ್ ಆಸುಪಾಸು. ಹತ್ತು ದಿನ ಬಿಟ್ಟು ಅಡುಗೆ ಉಪ್ಪು, 75. ಅಲ್ಲಿ ಇನ್ನೊಂದು ಹತ್ತು ದಿನ. ಹಾಳೆಗಳು ಜಾಲರಿಯ ಮೇಲೆ, ಉಪ್ಪಿಗೆ ತಾಗಕೂಡದು. ಆಮೇಲೆ ಬ್ಲಾಟಿಂಗ್ ಪೇಪರ್, ಗಾಜು, ಅದರ ಮೇಲೆ ತೂಕ. ಎಷ್ಟು ತೂಕ, ಎಷ್ಟು ದಿನಕ್ಕೊಮ್ಮೆ ಏರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಹಾಳೆಗಳನ್ನು ಹಿಡಿದಿದ್ದ ಮೊಳೆಯನ್ನು ದಂತ ನೋಯದ ಹಾಗೆ ತೆಗೆದ ಉಪಾಯವೂ ಹಾಗೇ. ಒಣಗಿಸುವಾಗಲೂ ಅದೇ ಮೆಟ್ಟಿಲು ಇಳಿದೆ, ಒಂದು ತಿಂಗಳ ಮೇಲೆ ಹಿಡಿಯಿತು.

ಆರರಲ್ಲಿ ಐದು ಹಾಳೆ ನೆಟ್ಟಗಾದವು. ಆರನೆಯದರ ಮೂಲೆ ಕೂದಲೆಳೆಯಷ್ಟು ಎದ್ದಿದೆ, ಒತ್ತಾಯ ಮಾಡಲಿಲ್ಲ. ಆ ಇಬ್ಬರು ಬಂದು ಬೆಳಕಿಗೆ ಹಿಡಿದು ನೋಡಿದರು. ಒಂದೇ ಒಂದು ಹೊಸ ಬಿರುಕು ಸಿಗಲಿಲ್ಲ!

ಒಂದು ತಪ್ಪು ಹೇಳಲೇಬೇಕು. ಮೊದಲ ವಾರವೇ 'ಲುಂಡಿ' ಹಾಳೆಯ ಕೊಳೆಯನ್ನು ಎಂಜಲು ಹಚ್ಚಿದ ಹತ್ತಿಯಲ್ಲಿ ಒರೆಸಿದ್ದೆ. ಆಮೇಲೆ 'ಜೂದಿ' (ಗುರುವಾರ) ಹಾಳೆಗೆ ಓರೆ ಬೆಳಕು ಬಿಟ್ಟಾಗ ಬೂದು ಬಣ್ಣದ ಪೆನ್ಸಿಲ್ ಗೆರೆ, ಯಾವುದೋ ಹೆಸರಿನ ಬಾಲ ಕಂಡಿತು. ಲುಂಡಿಯಲ್ಲೂ ಏನಾದರೂ ಇತ್ತೋ ಏನೋ, ಅದು ನನ್ನ ಕೈಯಲ್ಲೇ ಹೋಯಿತು. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ. ಉಳಿದ ಐದಕ್ಕೆ ಒಣ ಬ್ರಷ್ ಬಿಟ್ಟು ಏನನ್ನೂ ತಾಗಿಸಲಿಲ್ಲ.

ಹೀಗೇ ಸುಮ್ನೆ ಒಂದು ಪಿಯಾನೋ ಕೀಲಿಯ ಅರ್ಧಕ್ಕೆ ಫಾಯಿಲ್ ಸುತ್ತಿ ಆರು ತಿಂಗಳು ಕಿಟಕಿಯಲ್ಲಿಟ್ಟೆ. ಬಿಸಿಲು ಬಿದ್ದ ಅರ್ಧ ಬಿಳಿಯಾಯಿತು, ಮುಚ್ಚಿದ ಅರ್ಧ ಹಳದಿಯಾಗೇ ಉಳಿಯಿತು. ಕಾರ್ನೆಗೆ ಅದನ್ನು ಮಾಡಲಿಲ್ಲ, ಜೇನಿನ ಆ ಬಣ್ಣವೇ ಅದರ ವಯಸ್ಸು.

ಕಾರ್ನೆಯ ಮನೆಯವರು ಈ ಕೆಲಸಕ್ಕೆ 600 ಯೂರೋ ಕೊಟ್ಟರು. ಮಾರುವ ಯೋಚನೆ ಅವರಿಗಿಲ್ಲ. 2022ರಿಂದ ಯುರೋಪಿಯನ್ ಒಕ್ಕೂಟದಲ್ಲಿ 1947ಕ್ಕಿಂತ ಹಳೆಯ ದಂತದ ಸಾಮಾನು ಮಾರಲೂ ಸರ್ಟಿಫಿಕೇಟ್ ಬೇಕು. ಕಾರ್ನೆ ಈಗ ಅವರ ಮನೆಯ ತಣ್ಣನೆ ಕೋಣೆಯಲ್ಲಿದೆ, ಹೀಟರ್‌ನಿಂದ ದೂರ. ಪಕ್ಕದಲ್ಲಿ ತೇವ ಅಳೆಯುವ ಮೀಟರ್ ಇಟ್ಟು ಬಂದಿದ್ದೇನೆ. ಮುಳ್ಳು 45ಕ್ಕಿಂತ ಕೆಳಗಿಳಿದರೆ ಫೋನ್ ಮಾಡಿ ಅಂದಿದ್ದೇನೆ.