ಸಿಡ್ನಿಗೆ ಹೊಸಬರೇ? ಡಾಕ್ಟರ್ ಪವರ್ ನಿಮಗೂ ಒಂದು ಪಾಲು ಬರೆದಿಟ್ಟಿದ್ದಾರೆ

ಸಿಡ್ನಿಗೆ ಬಂದಿಳಿದ ನಮ್ಮವರಿಗೆ ಮೊದಲ ವರ್ಷದ ದಾರಿ ಹೆಚ್ಚುಕಡಿಮೆ ಒಂದೇ. ವೆಂಟ್‌ವರ್ತ್‌ವಿಲ್ಲೋ ವೆಸ್ಟ್‌ಮೀಡೋ, ಎಲ್ಲಾದರೂ ಒಂದು ಮನೆ. ಹ್ಯಾರಿಸ್ ಪಾರ್ಕಿನಲ್ಲಿ ದೋಸೆ. ಒಂದ್ಸಲ ಆಪೆರಾ ಹೌಸ್ ಮುಂದೆ ಫೋಟೋ. ಆಮೇಲೆ ಮಕ್ಕಳ ಟ್ಯೂಷನ್. ಸಿಡ್ನಿ ವಿಶ್ವವಿದ್ಯಾಲಯದ ಗೇಟಿನೊಳಗೆ ಕಾಲಿಡುವುದು ಮಗನಿಗೋ ಮಗಳಿಗೋ ಸೀಟು ಸಿಕ್ಕಾಗಲೇ. ಅಷ್ಟು ದಿನ ಕಾಯಬೇಡಿ. ಅಲ್ಲಿ ಪವರ್ ಇನ್‌ಸ್ಟಿಟ್ಯೂಟ್ ಅಂತ ಒಂದು ಕಲಾ ಇತಿಹಾಸದ ಸಂಸ್ಥೆ ಇದೆ.

ಹೆಸರು ಕೇಳಿದರೆ ಕರೆಂಟಿನ ಆಫೀಸು ಅನಿಸುತ್ತದೆ, ಅಲ್ವಾ? ನನಗೂ ಹಾಗೇ ಅನಿಸಿತ್ತು. ಅದು ಒಬ್ಬ ಮನುಷ್ಯನ ಹೆಸರು: ಜಾನ್ ಜೋಸೆಫ್ ವಾರ್ಡೆಲ್ ಪವರ್. 1881ರಲ್ಲಿ ಸಿಡ್ನಿಯಲ್ಲೇ ಹುಟ್ಟಿದವರು. ಅಪ್ಪ ಸರ್ಜನ್. ಮಗನೂ ಇದೇ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿಕೆ ಓದಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ವೈದ್ಯರಾಗಿದ್ದರು. ಯುದ್ಧ ಮುಗಿದ ಮೇಲೆ ಸ್ಟೆತಸ್ಕೋಪ್ ಪಕ್ಕಕ್ಕಿಟ್ಟು ಪ್ಯಾರಿಸ್ಸಿಗೆ ಹೋಗಿ ಚಿತ್ರ ಬರೆಯಲು ಕಲಿತರು. ನಲವತ್ತರ ಹತ್ತಿರದ ವಯಸ್ಸಿನಲ್ಲಿ! ಡಾಕ್ಟರಿಕೆ ಬಿಟ್ಟು ಬಣ್ಣ ಹಿಡಿಯುತ್ತೇನೆ ಅಂದರೆ ನಮ್ಮ ಮನೆಗಳಲ್ಲಿ ಎಂಥ ಗಲಾಟೆ ಆಗುತ್ತಿತ್ತು ಅಂತ ನೀವೇ ಯೋಚಿಸಿ. ಪವರ್‌ಗೆ ಆ ತಾಪತ್ರಯ ಇರಲಿಲ್ಲ. ಅಪ್ಪನ ಕಡೆಯಿಂದ ಬಂದ ಆಸ್ತಿ ಬೇಕಾದಷ್ಟಿತ್ತು. ವಸ್ತುಗಳನ್ನು ಕೋನ, ತುಂಡುಗಳಾಗಿ ಒಡೆದು ತೋರಿಸುವ ಕ್ಯೂಬಿಸಂ ಶೈಲಿಯಲ್ಲಿ ಬರೆದರು, ಪ್ಯಾರಿಸ್ಸಿನ ಅಮೂರ್ತ ಕಲಾವಿದರ ಗುಂಪಿನಲ್ಲಿ ಸೇರಿಕೊಂಡರು. 1943ರಲ್ಲಿ, ಜರ್ಮನ್ನರು ಹಿಡಿದಿಟ್ಟಿದ್ದ ಜರ್ಸಿ ದ್ವೀಪದಲ್ಲಿ ತೀರಿಕೊಂಡರು.

ಉಯಿಲಿನ ವಿಷಯ ನಂಗೆ ತುಂಬ ಇಷ್ಟ. ಹೆಂಡತಿ ಈಡಿತ್ ಬದುಕಿರುವ ತನಕ ಆಸ್ತಿ ಅವರಿಗೆ, ಆಮೇಲೆ ಸಿಡ್ನಿ ವಿಶ್ವವಿದ್ಯಾಲಯಕ್ಕೆ. ಈಡಿತ್ 1961ರಲ್ಲಿ ಹೋದರು. ಮರುವರ್ಷ ಸುದ್ದಿ ಹೊರಬಿತ್ತು: ಸುಮಾರು 20 ಲಕ್ಷ ಪೌಂಡು. ಜೊತೆಗೆ ಪವರ್ ಬರೆದ ಚಿತ್ರಗಳು, ಸ್ಕೆಚ್ಚುಗಳು, ಸಾವಿರಕ್ಕೂ ಜಾಸ್ತಿ. ದುಡ್ಡು ಯಾತಕ್ಕೆ ಅಂತಲೂ ಉಯಿಲು ಹೇಳಿತ್ತು. ಕಲೆಯಲ್ಲಿ ಹೊಸದಾಗಿ ಹುಟ್ಟುವ ವಿಚಾರಗಳು ಆಸ್ಟ್ರೇಲಿಯಾದ ಜನರಿಗೆ ತಲುಪಬೇಕು: ಉಪನ್ಯಾಸ ಮಾಡಿಸಿ, ಪಾಠ ಹೇಳಿಸಿ, ಜಗತ್ತಿನ ಹೊಸ ಕಲಾಕೃತಿ ಕೊಂಡು ತನ್ನಿ. ಗಮನಿಸಿ, ವಿದ್ಯಾರ್ಥಿಗಳಿಗೆ ಮಾತ್ರ ಅಂತ ಬರೆಯಲಿಲ್ಲ, ಜನರಿಗೆ ಅಂತ ಬರೆದರು. ನೀವು ಪಿಆರ್ ಆಗಿರಿ, ಕೆಲಸದ ವೀಸಾದಲ್ಲಿರಿ, ಇಲ್ಲಿ ಬದುಕುತ್ತಿದ್ದೀರಿ ತಾನೇ? ನನ್ನ ಲೆಕ್ಕದಲ್ಲಿ ನೀವೂ ಆ ಜನರೇ.

1967ರಲ್ಲಿ ಬರ್ನಾರ್ಡ್ ಸ್ಮಿತ್ ಎಂಬ ಹೆಸರಾಂತ ಕಲಾ ಇತಿಹಾಸಕಾರರು ಈ ದುಡ್ಡಿನಿಂದ ಹುಟ್ಟಿದ ಪವರ್ ಇನ್‌ಸ್ಟಿಟ್ಯೂಟಿನ ಮೊದಲ ನಿರ್ದೇಶಕರಾದರು. ಕೊಂಡು ತಂದ ಕೃತಿಗಳು ವರ್ಷ ವರ್ಷ ಬೆಳೆದು, ಕೊನೆಗೆ 1991ರಲ್ಲಿ ಸರ್ಕ್ಯುಲರ್ ಕೀಯಲ್ಲಿ ಒಂದು ಮ್ಯೂಸಿಯಂ ಆದವು. ಆಪೆರಾ ಹೌಸ್ ಎದುರು ದಡದಲ್ಲಿ ಕಾಣುವ ಕಂದು ಕಲ್ಲಿನ ಹಳೇ ಕಟ್ಟಡ ನೋಡಿದ್ದೀರಲ್ಲ, ಎಂಸಿಎ (ಮ್ಯೂಸಿಯಂ ಆಫ್ ಕಂಟೆಂಪರರಿ ಆರ್ಟ್) ಅಂತಾರೆ, ಅದೇ. ನಿಮ್ಮ ಫೋಟೋದ ಹಿಂದೆಯೂ ಇರಬಹುದು! ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಕೊಟ್ಟ ಚಿತ್ರಗಳನ್ನು ನೋಡಿದವರಿಗೆ ಇಂಥ ದಾನ ಹೊಸದಲ್ಲ. ಪವರ್ ಮಾತ್ರ ಚಿತ್ರದ ಜೊತೆ ಅದನ್ನು ಓದಿ ಹೇಳುವವರ ಸಂಬಳವನ್ನೂ ಬಿಟ್ಟುಹೋದರು.

ಹೋಗುವುದು ಸುಲಭ. ಪ್ಯಾರಮ್ಯಾಟಾದಿಂದ ಟಿ1 ಟ್ರೇನ್ ಹತ್ತಿ ರೆಡ್‌ಫರ್ನಿನಲ್ಲಿ ಇಳಿದು ಕಾಲು ಗಂಟೆ ನಡೆಯಿರಿ. ಕಾರ್ ಒಯ್ಯಬೇಡಿ, ಪಾರ್ಕಿಂಗ್ ದುಡ್ಡಿಗೆ ಹೊಟ್ಟೆ ಉರಿಯುತ್ತದೆ. ಮಕ್ಕಳಿದ್ದರೆ ಮೊದಲು ಕ್ಯಾಂಪಸ್ಸಿನ ಚೌ ಚಕ್ ವಿಂಗ್ ಮ್ಯೂಸಿಯಂಗೆ ಹೋಗಿ. 2020ರಲ್ಲಿ ತೆರೆದದ್ದು, ಟಿಕೆಟ್ ಇಲ್ಲ. ಈಜಿಪ್ಟಿನ ಪುರಾತನ ವಸ್ತುಗಳ ಮುಂದೆ ಮಕ್ಕಳು ಕದಲುವುದಿಲ್ಲ, ಅಷ್ಟರಲ್ಲಿ ನೀವು ಚಿತ್ರಗಳನ್ನು ನೋಡಿಕೊಳ್ಳಬಹುದು. ತೆರೆದಿರುವ ಹೊತ್ತು ಮಾತ್ರ ಮೊದಲೇ ನೋಡಿಕೊಳ್ಳಿ.

ಇನ್‌ಸ್ಟಿಟ್ಯೂಟಿನ ಸಾರ್ವಜನಿಕ ಉಪನ್ಯಾಸಗಳು ಬಹುಪಾಲು ಉಚಿತ. ಆನ್‌ಲೈನಲ್ಲಿ ಹೆಸರು ಕೊಟ್ಟರಾಯಿತು. ನಾನು ಮೊದಲ ಸಲ ಹೋದಾಗ ಐಡಿ ಕೇಳ್ತಾರೇನೋ ಅಂತ ಬಾಗಿಲ ಹೊರಗೆ ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ಯಾರೂ ಕೇಳಲಿಲ್ಲ. ಅರ್ಧ ಮಾತು ತಲೆ ಮೇಲೆ ಹೋಯಿತು, ಅದೂ ನಿಜ. ಪ್ರೊಫೆಸರುಗಳ ಇಂಗ್ಲಿಷ್ ನಮ್ಮ ಆಫೀಸಿನ ಇಂಗ್ಲಿಷ್ ಅಲ್ಲ. ಮೂರನೇ ಸಲಕ್ಕೆ ಕಿವಿ ಹೊಂದಿಕೊಂಡಿತು.

ಇನ್ನೊಂದು ಮಾತು. ಕಾರ್ಯಕ್ರಮ ಸಂಜೆ ಇದ್ದರೆ ಏನಾದರೂ ತಿಂದೇ ಹೋಗಿ. ಪ್ರಶ್ನೋತ್ತರ ಲಂಬಿಸುತ್ತದೆ, ವೆಂಟ್‌ವರ್ತ್‌ವಿಲ್ ತಲುಪುವಷ್ಟರಲ್ಲಿ ನಮ್ಮ ಹೋಟೆಲುಗಳು ಬಾಗಿಲು ಹಾಕಿರುತ್ತವೆ.