ದೊಡ್ಡ ರೀಫ್ ಟ್ಯಾಂಕಿನಿಂದ ಚಿಕ್ಕದಕ್ಕೆ: ಹಳೇ ಮರಳನ್ನು ಅಲ್ಲೇ ಬಿಡಿ

400 ಲೀಟರಿನ ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಸಮುದ್ರ ನೀರಿನ ಟ್ಯಾಂಕ್ ನೋಡಿಕೊಂಡು ಸಾಕಾದವರು 80 ಲೀಟರಿಗೆ ಇಳಿದರೆ ಕೆಲಸ ಹಗುರಾಗುತ್ತದೆ ಎಂದುಕೊಳ್ಳುತ್ತಾರೆ. ಉಪ್ಪಿನ ಖರ್ಚು, ಕರೆಂಟು, ನೀರು ಹೊರುವ ಕೆಲಸ ಎಲ್ಲ ಕಮ್ಮಿಯಾಗುವುದು ನಿಜ. ಆದರೆ ದೊಡ್ಡ ಟ್ಯಾಂಕಿನಲ್ಲಿ ಯಾರ ಗಮನಕ್ಕೂ ಬಾರದೆ ಕರಗಿ ಹೋಗುವಷ್ಟು ಕೊಳಕು, ಚಿಕ್ಕದರಲ್ಲಿ ರಾತ್ರಿ ಬೆಳಗಾಗುವುದರೊಳಗೆ ಮೀನುಗಳನ್ನು ಕೊಲ್ಲುತ್ತದೆ. ವರ್ಷಗಟ್ಟಲೆ ಚೆನ್ನಾಗಿದ್ದ ಮೀನು, ಹವಳಗಳು ಟ್ಯಾಂಕ್ ಬದಲಿಸಿದ ವಾರದಲ್ಲೇ ಹೋಗಿಬಿಟ್ಟಿದ್ದನ್ನು ಹಲವರ ಮನೆಗಳಲ್ಲಿ ನೋಡಿದ್ದೇನೆ. ಹೆಚ್ಚಿನ ಸಲ ಕಾರಣ ಒಂದೇ, ಹಳೇ ಟ್ಯಾಂಕಿನ ಮರಳು. ಅದರ ವಿಷಯ ಮುಂದೆ ವಿವರವಾಗಿ ಹೇಳುತ್ತೇನೆ.

ಮೊದಲು ಯಾರು ಬರುತ್ತಾರೆ, ಯಾರು ಬರಲ್ಲ

ಹೊಸ ಟ್ಯಾಂಕ್ ತರುವ ಮುಂಚೆಯೇ ದೊಡ್ಡ ಮೀನುಗಳಿಗೆ ಮನೆ ಹುಡುಕಿ. ಟ್ಯಾಂಗ್ ಜಾತಿಯ ಮೀನುಗಳು ಚಿಕ್ಕ ಟ್ಯಾಂಕಿಗೆ ಬೇಡವೇ ಬೇಡ. ಹಳದಿ ಟ್ಯಾಂಗ್ 20 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ದಿನವಿಡೀ ಈಜಾಡುವ ಮೀನು ಅದು. "ಸದ್ಯಕ್ಕೆ ಇರಲಿ, ಆಮೇಲೆ ನೋಡೋಣ" ಅನ್ನಬೇಡಿ. 80 ಲೀಟರಿಗೆ ಒಂದು ಜೋಡಿ ಕ್ಲೌನ್ ಮೀನು, ತಳದಲ್ಲಿರುವ ಒಂದು ಚಿಕ್ಕ ಗೋಬಿ ಮೀನು ಸಾಕು. 80 ಲೀಟರಿನ ಟ್ಯಾಂಕ್ ಅಂದರೆ 80 ಲೀಟರ್ ನೀರಲ್ಲ ಅನ್ನುವುದೂ ನೆನಪಿರಲಿ. ಕಲ್ಲು, ಮರಳು ಹಾಕಿದ ಮೇಲೆ 60 ಲೀಟರ್ ಉಳಿದರೆ ಹೆಚ್ಚು.

ಹಿಂದಿನ ದಿನ ನೀರು

ಹಳೇ ಟ್ಯಾಂಕಿನ ಉಪ್ಪಿನಂಶ, ಬಿಸಿ, ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ನೀರಿನ ಗುಣ) ಮೂರನ್ನೂ ಅಳೆದು ಬರೆದಿಟ್ಟುಕೊಳ್ಳಿ. ಹೊಸ ನೀರು ಈ ಅಂಕಿಗಳಿಗೆ ಹೊಂದಬೇಕು, ಪುಸ್ತಕದ ಅಂಕಿಗಲ್ಲ. ಸಾಮಾನ್ಯವಾಗಿ ಉಪ್ಪಿನಂಶ ತೋರಿಸುವ ಸಾಂದ್ರತೆ 1.025, ಬಿಸಿ 25-26 ಡಿಗ್ರಿ ಇರುತ್ತದೆ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪು ಹಾಕಿ, ಪಂಪ್ ಮತ್ತು ಹೀಟರ್ ಇಟ್ಟು ರಾತ್ರಿಯಿಡೀ ತಿರುಗಲು ಬಿಡಿ. ಯಾವಾಗಲೂ ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಹಾಗೆ ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಸೇರುತ್ತದೆ. ಕೆಲವು ಉಪ್ಪುಗಳಲ್ಲಿ ಆಲ್ಕಲಿನಿಟಿ ಬಹಳ ಜಾಸ್ತಿ ಇರುತ್ತದೆ. ಹಳೇ ನೀರಿನಲ್ಲಿ 8 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ) ಇದ್ದು ಹೊಸದರಲ್ಲಿ 12 ಬಂದರೆ ಗಟ್ಟಿ ಹವಳಗಳ ತುದಿ ಸುಟ್ಟ ಹಾಗೆ ಬೆಳ್ಳಗಾಗುತ್ತದೆ. ಅಂಥ ಉಪ್ಪು ನನಗೆ ಇಷ್ಟವಿಲ್ಲ, 8-9ರ ಆಸುಪಾಸಿನದ್ದನ್ನೇ ಕೊಳ್ಳಿ.

ಸಾಗಿಸುವ ದಿನ: ಕ್ರಮ ತಪ್ಪಿಸಬೇಡಿ

ಎಲ್ಲಕ್ಕಿಂತ ಮೊದಲು, ಟ್ಯಾಂಕಿನೊಳಗೆ ಕೈ ಹಾಕುವ ಮುಂಚೆಯೇ, ಮೇಲಿನ ತಿಳಿ ನೀರನ್ನು ಪೈಪ್ ಹಾಕಿ ಬಕೆಟ್‌ಗಳಿಗೆ ತುಂಬಿಸಿಕೊಳ್ಳಿ. ಒಂದು ಕಲ್ಲು ಅಲುಗಿದರೂ ಈ ತಿಳಿ ನೀರು ಮತ್ತೆ ಸಿಗಲ್ಲ. ಆಮೇಲೆ ಹವಳಗಳು ಒಂದು ಬಕೆಟ್‌ಗೆ, ಕಲ್ಲುಗಳು ಇನ್ನೊಂದಕ್ಕೆ. ಮೀನು ಕೊನೆಗೆ. ಕಲ್ಲುಗಳ ನಡುವೆ ಮೀನನ್ನು ಅಟ್ಟಿಸಿಕೊಂಡು ಹೋಗುವುದು ವ್ಯರ್ಥ. ಕಲ್ಲೆಲ್ಲ ತೆಗೆದು ನೀರು ಒಂದು ಗೇಣಿಗೆ ಇಳಿದಾಗ ಸುಲಭವಾಗಿ ಬಲೆಗೆ ಬರುತ್ತವೆ. ಮೀನಿನ ಬಕೆಟ್‌ಗೆ ಏರ್ ಪಂಪ್ ಹಾಕಿ, ಗಾಳಿಯಾಡುವ ಹಾಗೆ ಮುಚ್ಚಿಡಿ. ಹೆದರಿದ ಮೀನು ಹಾರುತ್ತದೆ.

ಕಲ್ಲಿನ ಮೇಲೆ ಝೋಆಂಥಿಡ್ (ಗುಂಪಾಗಿ ಬೆಳೆಯುವ, ಹೂವಿನಂತೆ ಕಾಣುವ ಹವಳದ ಬಳಗದ ಜೀವಿ) ಇದ್ದರೆ ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಭಾರೀ ವಿಷ ಇರುತ್ತದೆ. ಕಲ್ಲು ಶುಚಿಯಾಗಲಿ ಎಂದು ಕುದಿಸುವುದು, ಬಿಸಿನೀರು ಸುರಿಯುವುದು ಯಾವ ಕಾರಣಕ್ಕೂ ಕೂಡದು. ಹಬೆಯ ಜೊತೆ ವಿಷ ಗಾಳಿಗೆ ಸೇರಿ ಮನೆಯವರೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ.

ಮರಳು

ಈಗ ಹಳೇ ಟ್ಯಾಂಕಿನಲ್ಲಿ ಉಳಿದಿರುವುದು ಮರಳು ಮಾತ್ರ. ಅದರೊಳಗೆ ಬೆರಳು ಇಳಿಸಿ ಮೆಲ್ಲಗೆ ಎತ್ತಿ ನೋಡಿ. ಮೇಲೆ ಬಿಳಿ, ಕೆಳಗೆ ಬೂದು, ಇನ್ನೂ ಕೆಳಗೆ ಕಪ್ಪು. ಹೊಗೆ ಎದ್ದ ಹಾಗೆ ಕಂದು ಕೊಳೆ ಏಳುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರಬಹುದು. ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಆಮ್ಲಜನಕ ಮುಟ್ಟದ ತಳದಲ್ಲಿ ಅದು ಹುಟ್ಟುತ್ತದೆ. ವರ್ಷಗಳ ಮೀನಿನ ಹಿಕ್ಕೆ, ಉಳಿದ ಆಹಾರ ಎಲ್ಲ ಅಲ್ಲಿದೆ. ಮುಟ್ಟದೆ ಬಿಟ್ಟಷ್ಟು ದಿನ ತೊಂದರೆಯಿಲ್ಲ. ಕದಡಿ ಹೊಸ ನೀರಿಗೆ ಹಾಕಿದರೆ ಅಮೋನಿಯಾ ಒಮ್ಮೆಲೇ ಏರುತ್ತದೆ. ಸಮುದ್ರ ನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಅಮೋನಿಯಾ ಇಲ್ಲಿ ಸಿಹಿನೀರಿಗಿಂತ ಜಾಸ್ತಿ ವಿಷ.

"ಮರಳಿನಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಇದೆ, ಬಿಸಾಕಬಾರದು" ಎಂದು ಹಲವರು ವಾದಿಸುತ್ತಾರೆ. ಅಮೋನಿಯಾವನ್ನು ತಿಂದು ಕಮ್ಮಿ ಮಾಡುವ ಬ್ಯಾಕ್ಟೀರಿಯಾ ಇರುವುದು ನಿಜ. ಆದರೆ ನಿಮ್ಮ ಲೈವ್ ರಾಕ್‌ನ, ಅಂದರೆ ಟ್ಯಾಂಕಿನಲ್ಲಿರುವ ಜೀವ ತುಂಬಿದ ಕಲ್ಲುಗಳ ಸಣ್ಣ ಸಣ್ಣ ರಂಧ್ರಗಳಲ್ಲೂ ಅದೇ ಇದೆ, ಮೂರು ಚಿಕ್ಕ ಮೀನಿಗೆ ಅದು ಧಾರಾಳವಾಯಿತು. ನನ್ನ ಮಾತು ಕೇಳಿ, ಹೊಸ ಮರಳು ತನ್ನಿ. ಹಳೆಯದೇ ಬೇಕೆಂದರೆ ನಲ್ಲಿ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಬಕೆಟ್‌ನ ನೀರು ತಿಳಿಯಾಗುವ ತನಕ ತೊಳೆಯಿರಿ. ಕೊನೆಯ ಸಲ ಆರ್‌ಓ ನೀರು. ತೊಳೆದ ಮೇಲೆ ಅದರಲ್ಲಿ ಜೀವ ಉಳಿಯಲ್ಲ, ಹೊಸ ಮರಳಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಸಣ್ಣ ಹುಳು, ಕೋಪೆಪಾಡ್‌ಗಳು (ಸಿಗಡಿ ಬಳಗದ ಪುಟಾಣಿ ಜೀವಿಗಳು) ಬೇಕಿದ್ದರೆ ಕದಡುವ ಮುಂಚೆ ಮೇಲ್ಪದರದಿಂದ ಒಂದು ಲೋಟ ಮರಳು ಎತ್ತಿಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಬೇಡ.

ಕೊಳೆ ಕಲ್ಲಿನೊಳಗೂ ಇರುತ್ತದೆ. ಪ್ರತಿ ಕಲ್ಲನ್ನೂ ಹಳೇ ಟ್ಯಾಂಕಿನ ನೀರಿರುವ ಬಕೆಟ್‌ನಲ್ಲಿ ಮುಳುಗಿಸಿ ಜೋರಾಗಿ ಅಲುಗಾಡಿಸಿ. ನೀರು ಟೀ ಬಣ್ಣಕ್ಕೆ ತಿರುಗಿದರೆ ಚೆಲ್ಲಿ, ಮತ್ತೆ ಮಾಡಿ. ಇಲ್ಲಿ ನಲ್ಲಿ ನೀರು ಕೂಡದು, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಐಪ್ಟೇಸಿಯಾ (ಕಳೆಯಂತೆ ಹರಡಿ ಹವಳವನ್ನು ಕುಟುಕುವ ಜೀವಿ) ಹತ್ತಿದ ಕಲ್ಲನ್ನು ಚಿಕ್ಕ ಟ್ಯಾಂಕಿಗೆ ತರಲೇಬೇಡಿ.

ಅಂದಹಾಗೆ, "ಇದನ್ನು ಹಾಕಿ, ಇವತ್ತೇ ಮೀನು ಬಿಡಿ" ಎನ್ನುವ ಬಾಟಲಿಗಳನ್ನು ನಂಬಿ ತೊಳೆಯುವ ಕೆಲಸ ತಪ್ಪಿಸಿಕೊಳ್ಳಬೇಡಿ. ಬ್ಯಾಕ್ಟೀರಿಯಾ ದ್ರವಗಳಲ್ಲಿ ಕೆಲವು ಒಳ್ಳೆಯವೇ, ಆದರೆ ಕೊಳೆ ತುಂಬಿದ ಮರಳಿಗೆ ಅವು ಮದ್ದಲ್ಲ. ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್ (ನೀರಿನ ಕಲ್ಮಶ ಹೀರುವ ಇದ್ದಿಲು) ಮಾತ್ರ ಖಂಡಿತ ಇಡಿ.

ಜೋಡಿಸುವುದು

ಕಲ್ಲು ಮೊದಲು, ಗಾಜಿನ ತಳದ ಮೇಲೇ ಕೂರಲಿ. ಮರಳು ಆಮೇಲೆ ಸುತ್ತ, 2-3 ಸೆಂಟಿಮೀಟರ್ ಸಾಕು. ಗೋಬಿ ಮರಳು ತೋಡಿದರೂ ಕಲ್ಲು ಉರುಳಲ್ಲ. ಹಳೇ ತಿಳಿ ನೀರು ಅರ್ಧ, ಹೊಸದು ಅರ್ಧ, ತಟ್ಟೆ ಇಟ್ಟು ಅದರ ಮೇಲೆ ಮೆಲ್ಲಗೆ ಸುರಿಯಿರಿ. ಬಿಸಿ ಸರಿಹೋದ ಮೇಲೆ ಹವಳ, ನಂತರ ಮೀನು.

ಚಿಕ್ಕ ಟ್ಯಾಂಕ್ ಆಳ ಕಮ್ಮಿ, ಆದ್ದರಿಂದ ಹವಳ ಲೈಟಿಗೆ ಹತ್ತಿರವಾಗುತ್ತದೆ. ಹಳೇ ಪ್ರಮಾಣದಲ್ಲೇ ಲೈಟ್ ಹಾಕಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಅರ್ಧಕ್ಕೆ ಇಳಿಸಿ, ಮೂರು ನಾಲ್ಕು ವಾರದಲ್ಲಿ ಮೆಲ್ಲಗೆ ಏರಿಸಿ.

ಮುಂದಿನ ದಿನಗಳು

ವಾರದ ತನಕ ದಿನಾ ಅಮೋನಿಯಾ ಟೆಸ್ಟ್ ಮಾಡಿ, ದಿನ ಬಿಟ್ಟು ದಿನ ಸ್ವಲ್ಪವೇ ಆಹಾರ ಹಾಕಿ. ಅಮೋನಿಯಾ ಕಂಡರೆ ಆ ದಿನವೇ ಕಾಲು ಭಾಗ ನೀರು ಬದಲಿಸಿ. ಅದಕ್ಕಾಗಿ ಉಪ್ಪು ಬೆರೆಸಿದ ನೀರು ಒಂದು ಡ್ರಮ್‌ನಲ್ಲಿ ತಯಾರಿರಲಿ.

ಆವಿಯಾಗುವ ನೀರಿನ ಲೆಕ್ಕವೂ ಬದಲಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 400 ಲೀಟರಿನಲ್ಲಿ 3 ಲೀಟರ್ ಆರಿದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 35.3ಕ್ಕೆ ಏರುತ್ತದೆ, ಅಷ್ಟೇ. 60 ಲೀಟರಿನಲ್ಲಿ ಅದೇ 3 ಲೀಟರ್ ಆರಿದರೆ 36.8. ಇದನ್ನು ದಿನಾ ಕೈಯಲ್ಲಿ ಸರಿದೂಗಿಸುತ್ತೇನೆ ಎಂದವರು ಒಂದಲ್ಲ ಒಂದು ದಿನ ಮರೆಯುತ್ತಾರೆ. ತಾನಾಗಿ ನೀರು ತುಂಬಿಸುವ ಟಾಪ್-ಆಫ್ ಸಾಧನ ಹಾಕಿ, ಅದಕ್ಕೆ ಉಪ್ಪಿಲ್ಲದ ಆರ್‌ಓ ನೀರನ್ನೇ ಇಡಿ. ಬೇರೆ ಏನರಲ್ಲಾದರೂ ಖರ್ಚು ಉಳಿಸಿ, ಇದರಲ್ಲಿ ಬೇಡ.

ಮಿಕ್ಕ ಒಳ್ಳೇ ಕಲ್ಲುಗಳನ್ನು ತಕ್ಷಣ ಮಾರಬೇಡಿ. ಪಂಪ್, ಹೀಟರ್ ಹಾಕಿದ ಡ್ರಮ್‌ನಲ್ಲಿ ಉಪ್ಪುನೀರಿನೊಳಗೆ ಒಂದು ತಿಂಗಳು ಇಟ್ಟುಕೊಳ್ಳಿ. ಹೊಸ ಟ್ಯಾಂಕಿನಲ್ಲಿ ಅಮೋನಿಯಾ ಇಳಿಯದೆ ಹೋದರೆ ಮೊದಲು ಬೇಕಾಗುವುದು ಅವೇ.