ಮಗು ಓಡೋಕೆ, ಮಾತಾಡೋಕೆ ಶುರು ಮಾಡಿದ್ರೆ

ಮುಂಬೈ ಫ್ಲ್ಯಾಟುಗಳಲ್ಲಿ ಪುಟ್ಟ ಮಕ್ಕಳಿರುವ ಅಮ್ಮ-ಅಪ್ಪಂದಿರೇ, ಕಿಟಕಿ ಹತ್ತಿರದ ಸ್ಟೂಲು, ಮಂಚ ಇವತ್ತೇ ದೂರ ಸರಿಸಿ. ಗ್ರಿಲ್ ಇದ್ದರೂ ಸರಿಸಿ. ನೀರು ಹಿಡಿದಿಟ್ಟ ಬಕೆಟ್ಟಿಗೆ ಮುಚ್ಚಳ ಇರಲಿ, ಬಾತ್‌ರೂಮಿನ ಚಿಲಕ ಹಾಕಿರಲಿ. ಸ್ವಲ್ಪ ನೀರೂ ಅಪಾಯವೇ.

ಇನ್ನು ಮಾತು. ಮಗು ಬಸ್ಸಿಗೆ ‘ಬಚ್ಚು’ ಅಂದರೆ ತಿದ್ದಬೇಡಿ. ‘ಹೌದು ಪುಟ್ಟಾ, ಕೆಂಪು ಬಸ್ಸು ದಾದರಿಗೆ ಹೊರಟಿದೆ’ ಅಂತ ಒಂದೆರಡು ಪದ ಸೇರಿಸಿ ಹೇಳಿ. ಆಮೇಲೆ ಸುಮ್ನೆ ಕಾಯಿರಿ, ಅದು ಉತ್ತರ ಹುಡುಕುತ್ತಿರುತ್ತೆ. ಮನೆಯಲ್ಲಿ ಕನ್ನಡ, ಕೆಳಗೆ ಆಡುವಾಗ ಹಿಂದಿ, ಪಕ್ಕದ ಮನೆ ಆಜಿ ಜೊತೆ ಮರಾಠಿ ಅಂತ ಗಾಬರಿ ಬೇಡ. ಜಾಸ್ತಿ ಭಾಷೆ ಕೇಳಿದ್ದಕ್ಕೇ ಮಾತು ತಡವಾಗೋದಿಲ್ಲ. ಕನ್ನಡ ಬಿಡಲೇಬೇಡಿ. 2 ವರ್ಷ ತುಂಬಿದರೂ ಯಾವ ಭಾಷೆಯಲ್ಲೂ ಎರಡು ಪದ ಜೋಡಿಸದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.